ಎಡ ಮೊಳೆಯ ಬೆಲ್ಟು

ಬೊಮ್ಮಯ್ಯ ಮಾವ,

ಕ್ಷೇಮವೇ ಎಂದು ಕೇಳುವುದಿಲ್ಲ. ಕೇಳುವ ಮನಸ್ಸೂ ಇಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಊರವರು ಬುದ್ಧಿ ಹೇಳುತ್ತಾರೆ. ಅವರಿಗೇನು? ಇಪ್ಪತ್ತೆರಡು ವರ್ಷ ನಿಮ್ಮ ಪಕ್ಕದಲ್ಲಿ ನಿಂತು ಮರದ ಹುಡಿ ನುಂಗಿದವನು ನಾನು, ಅವರಲ್ಲ. ನಾಳೆ ಬೆಳಿಗ್ಗೆ ಕಾರವಾರದ ಕೋರ್ಟಿನಲ್ಲಿ ನಿಂತು ನಿಮ್ಮ ವಿಷಯ ಒಂದು ಮಾತು ಹೇಳಬೇಕಾಗಿದೆ. ನಿಮಗೆ ತಿಳಿಸದೆ ಹೇಳಿದರೆ ಬೆನ್ನ ಹಿಂದೆ ಚಾಡಿ ಹೇಳಿದಂತಾಗುತ್ತದೆ. ಹಾಗಾಗಿ ಈ ಕಾಗದ. ಮಧ್ಯಾಹ್ನದಿಂದ ಕರೆಂಟಿಲ್ಲ, ಯಂತ್ರಗಳೆಲ್ಲ ಸುಮ್ಮನಿವೆ, ನಿಮ್ಮ ಬೆಂಚಿನ ಮೇಲೇ ಕೂತು ಬರೆಯುತ್ತಿದ್ದೇನೆ.

ಅಂಕೋಲೆಯ ಈ ಶೆಡ್ಡಿಗೆ ನಾನು ಬಂದ ಮೊದಲ ವಾರ ನೆನಪಿದೆಯೇ? ಭಾವಿಕೇರಿಯಲ್ಲಿ ಯಾರದೋ ಗದ್ದೆಯ ಕೂಲಿ ಬಿಟ್ಟು, ಮದುವೆಯಾಗಿ, ಮೀಸೆ ಬಲಿತ ಮೇಲೆ ಮರಗೆಲಸ ಕಲಿಯಲು ಬಂದವನು ನಾನು. ಮರ ಉಜ್ಜುವ ಯಂತ್ರದ ಸ್ಯಾಂಡಿಂಗ್ ಬೆಲ್ಟು, ಆ ಉಪ್ಪುಕಾಗದದಂಥ ಒರಟು ಪಟ್ಟಿ, ಸವೆದು ಜೋಡಿಸಿದಲ್ಲೇ ಹರಿದು ಹಾರಿತು. ಅದನ್ನು ಹೊರಗಿನ ಹುಡಿಯ ರಾಶಿಗೆ ಒಗೆದೆ. ನೀವು ಕೆಲಸ ಬಿಟ್ಟು ಹೋಗಿ ಹೆಕ್ಕಿ ತಂದಿರಿ. ಹೆಬ್ಬೆರಳಿನಿಂದ ಅದರ ಮೈ ಸವರಿ ನನ್ನ ಮುಖಕ್ಕೆ ಹಿಡಿದಿರಿ. “ಸತ್ತದ್ದಲ್ಲ ತಮಾ ಇದು. ಮುದ್ಕ ಆಯ್ತು, ಅಷ್ಟೇಯಾ. ಮುದ್ಕ ಆದ ಕೂಡ್ಲೆ ಹೊರಗೆ ಬಿಸಾಡೂದಾ?” ನಡುವೆ ಬೋಳಾಗಿದ್ದರೂ ಎರಡೂ ಅಂಚು ಹಾಗೇ ಚುರುಕಾಗಿದ್ದವು. ಅಂಚನ್ನು ಬೆರಳಗಲಕ್ಕೆ ಕತ್ತರಿಸಿ, ಕುರ್ಚಿಯ ಕಾಲಿಗೆ ಸುತ್ತಿ, ಮಿಂದು ಬಂದವರು ಟುವಾಲಿನಿಂದ ಬೆನ್ನು ಒರೆಸಿಕೊಳ್ಳುವಂತೆ ಅತ್ತ ಇತ್ತ ಎಳೆದಿರಿ. ಯಂತ್ರ ಮುಟ್ಟಲಾರದ ಸಂದೂ ನುಣ್ಣಗಾಯಿತು. ಅವತ್ತೇ ನನ್ನನ್ನು ಕೆಡಿಸಿಬಿಟ್ಟಿರಿ. ಇವತ್ತಿಗೂ ಒಂದು ಚೂರು ಬೆಲ್ಟು ಎಸೆಯಲು ಕೈ ಬರುವುದಿಲ್ಲ.

ಆಮೇಲೆ ನೋಡಿದರೆ ನಿಮ್ಮ ಈ ಹುಚ್ಚಿಗೆ ಮಿತಿಯೇ ಇರಲಿಲ್ಲ. ಎಂಬತ್ತು ನಂಬರಿನ ಒರಟು ಬೆಲ್ಟು ಸವೆದರೆ ನೂರಿಪ್ಪತ್ತರ ನುಣುಪು ಕೆಲಸ ಮಾಡುತ್ತದೆ, ಹೊಸದು ಎಂತಕ್ಕೆ ಎನ್ನುತ್ತಿದ್ದಿರಿ. ಹಲಗೆಗೆ ಅಂಟಿಸಿ ಅದರ ಮೇಲೆ ಉಳಿ ಮಸೆದಿರಿ. ಗರಗಸದ ಹಲ್ಲಿಗೆ ಬೆಲ್ಟಿನ ಒರೆ ಹೊಲಿದಿರಿ. ಸುತ್ತಿಗೆಯ ಹಿಡಿಗೆ ಸುತ್ತಿದಿರಿ, ಬೆವರಿದ ಕೈಯಿಂದ ಜಾರದಿರಲಿ ಎಂದು. ನಿಮ್ಮ ಮನೆಯಲ್ಲಂತೂ ಅತ್ತೆ ಮೀನು ಕೊಯ್ಯುವ ಮಣೆಯ ಅಡಿಗೆ ಬೆಲ್ಟು, ಜಾರುವ ಮೀನಿನ ಬಾಲ ಹಿಡಿಯಲು ಬೆಲ್ಟಿನ ತುಂಡು, ಅವರ ಹಿಮ್ಮಡಿ ತಿಕ್ಕಲು ತೀರಾ ಸವೆದ ಇನ್ನೊಂದು ತುಂಡು. “ನನ್ನ ಮದ್ವೆ ಆಯ್ದಾರೋ, ಬೆಲ್ಟಿನ್ ಮದ್ವೆ ಆಯ್ದಾರೋ ಗುತ್ತಿಲ್ಲ ತಮಾ” ಎಂದು ಅತ್ತೆ ನಗುತ್ತಿದ್ದರು. ನೀವು ಮೂರನೇ ಸಲ ಚಾ ಕೇಳುತ್ತಿದ್ದಿರಿ.

ಕಾರವಾರದ ಬೈತಖೋಲ ಬಂದರಿಗೆ ಮೊದಲ ಸಲ ಹೋದದ್ದನ್ನು ಹೇಗೆ ಮರೆಯಲಿ? ಟ್ರಾಲರಿನ ಏಣಿ ಮೆಟ್ಟಿಲು ಮೀನಿನ ಲೋಳೆಗೆ ಜಾರುತ್ತದೆ, ಏನಾದರೂ ಮಾಡಿ ಎಂದು ದೋಣಿ ನಡೆಸುವ ಒಬ್ಬ ತಾಂಡೇಲ ಕೇಳಿದ್ದ. ನೀವು ಸವೆದ ಬೆಲ್ಟು ಕತ್ತರಿಸಿ ನಮ್ಮ ಮರದ ಬಿಳಿ ಅಂಟಿನಲ್ಲಿ ಮೆತ್ತಿ ಬಂದಿರಿ. ಎರಡೇ ದಿನಕ್ಕೆ ಉಪ್ಪುನೀರು ಕುಡಿದು ಎಲ್ಲ ಎದ್ದು ಬಂತು. ಅವನು ಬೈದ, “ಹರ್ಕು ಬೆಲ್ಟು ಹಚ್ಚೂಕೆ ನಾವೆಂತ ಭಿಕಾರಿಗಳಾ? ಹೊಸದು ಹಚ್ಚಿ.” ನೀವು ಬಿಡುವವರೇ? ಫೈಬರ್ ದೋಣಿ ಕಟ್ಟುವವರ ರಾಳ ಬೇಡಿ ತಂದು, ಬೆನ್ನಿಗೂ ಅಂಚಿಗೂ ಬಳಿದು ಮತ್ತೆ ಅಂಟಿಸಿದಿರಿ. ಒಂದು ಮೆಟ್ಟಿಲಿಗೆ ಬೇಕೆಂದೇ ಹೊಸ ಬೆಲ್ಟು ಹಾಕಿ, “ಇದ್ರ ಮೇಲೆ ಬರಿಗಾಲು ಇಟ್ಟು ನೋಡು ಮಾರಾಯಾ, ಅಂಗಾಲು ಕಿತ್ತು ಬತ್ತದೆ. ಸವೆದದ್ದು ಹಿಡೀತದೆ, ಕಡಿಯೂದಿಲ್ಲ” ಎಂದಿರಿ. ಅವನು ಕಾಲಿಟ್ಟು, ಹಲ್ಲು ಕಚ್ಚಿ, ಸವೆದ ಬೆಲ್ಟಿನ ಮೆಟ್ಟಿಲಿಗೆ ದಾಟಿಕೊಂಡ. ಆ ಮೆಟ್ಟಿಲುಗಳು ಈಗಲೂ ಹಾಗೇ ಇವೆ. ಬಂದರಿಗೆ ಹೋದಾಗಲೆಲ್ಲ ನೋಡಿ ಬರುತ್ತೇನೆ. ಹೆಮ್ಮೆ ಪಡಬೇಕೋ, ಒದೆಯಬೇಕೋ ತಿಳಿಯುವುದಿಲ್ಲ.

ನಿಮ್ಮ ಎರಡು ಮೊಳೆಗಳ ಕಾಯಿದೆ ಈಗ ಕಣ್ಣ ಮುಂದೆಯೇ ಇದೆ. ಬೆಂಚಿನ ಹಿಂದಿನ ಗೋಡೆಯಲ್ಲಿ ಬಲ ಮೊಳೆಗೆ ಮರ ಉಜ್ಜಿದ ಬೆಲ್ಟು, ಎಡ ಮೊಳೆಗೆ ಕಬ್ಬಿಣ ಉಜ್ಜಿದ ಬೆಲ್ಟು. ಕಬ್ಬಿಣ ಕಂಡದ್ದು ಮರದ ಮೈ ಮುಟ್ಟಬಾರದು. ಮುಟ್ಟಿದರೆ ಕಣ್ಣಿಗೆ ಕಾಣದ ಕಬ್ಬಿಣದ ಹುಡಿ ಮರದೊಳಗೆ ಕೂರುತ್ತದೆ, ನಮ್ಮ ಕಡಲ ಹವೆಗೆ ಮಳೆಗಾಲದಲ್ಲಿ ಕಪ್ಪಾಗಿ ಏಳುತ್ತದೆ. ಮೊಳೆ ತುಂಬಿದಾಗ ನೀವೇ ಕಟ್ಟು ಕಟ್ಟಿ, ಮೇಲಿನ ಬೆಲ್ಟಿನ ಬೆನ್ನಿಗೆ ಪೆನ್ಸಿಲಿನಲ್ಲಿ ‘ಮರ’ ಅಥವಾ ‘ಕಬ್ಬಿಣ’ ಎಂದು ಬರೆಯುತ್ತಿದ್ದಿರಿ. ದೇವಸ್ಥಾನದ ಮಡಿಗೆ ನಗುವ ಮನುಷ್ಯ ಬೆಲ್ಟಿಗೆ ಮಡಿ ಮಾಡುತ್ತಾನೆ ಎಂದು ನಾನು ಗೇಲಿ ಮಾಡಿದರೆ, ಉಳಿಯ ಹಿಡಿಯಿಂದ ತಲೆಗೆ ಮೊಟಕುತ್ತಿದ್ದಿರಿ. ಅಷ್ಟೂ ವರ್ಷದಲ್ಲಿ ನಿಮ್ಮ ಒಂದೇ ಒಂದು ಬೆಲ್ಟು ಮೊಳೆ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಇನ್ನೊಂದು ದಿನದ ಮಾತು, ಇದನ್ನು ನೀವು ಮರೆತಿರಲಾರಿರಿ. ಕಾರವಾರದಲ್ಲಿ ಒಬ್ಬ ಮುದುಕ ಬಡಗಿ ಕಣ್ಣು ಕಾಣದೆ ಬಾಗಿಲ ಚೌಕಟ್ಟನ್ನು ಎರಡು ಬೆರಳು ಗಿಡ್ಡ ಕೊಯ್ದ ಸುದ್ದಿ ಬಂತು. ಚಾ ಕುಡಿಯುತ್ತಾ ನಾನು ಅಂದೆ, “ಹಲ್ಲು ಹೋದ ಗರಗಸ, ಕಣ್ಣು ಹೋದ ಬಡಗಿ, ಎರಡನ್ನೂ ಅಟ್ಟಕ್ಕೆ ಹಾಕೂದೇಯಾ.” ಮರ ಇಳಿಸಲು ಬಂದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನೀವೂ ನಕ್ಕಿರಿ. ಆಮೇಲೆ ಲೋಟ ತೊಳೆಯಲು ಹೊರಗೆ ಹೋದವರು ಸ್ವಲ್ಪ ಹೊತ್ತು ಬರಲಿಲ್ಲ. ಆಗ ಅದು ನನ್ನ ಲೆಕ್ಕಕ್ಕೇ ಬರಲಿಲ್ಲ.

ಹೋದ ವರ್ಷ ಸುಗ್ಗಿ ಮುಗಿದ ವಾರ. ಕಾರವಾರಕ್ಕೆ ಎರಡು ಮಂಚ ಮುಟ್ಟಿಸಿ ಗೂಡ್ಸ್ ರಿಕ್ಷಾದಲ್ಲಿ ವಾಪಸು ಬರುತ್ತಿದ್ದೆವು. ಬಿಣಗಾದಲ್ಲಿ ಗೇಟು, ಗ್ರಿಲ್ಲು ಮಾಡುವವನೊಬ್ಬ ಸವೆದ ಬೆಲ್ಟುಗಳನ್ನು ನಿಮಗಾಗಿ ಎತ್ತಿಡುತ್ತಿದ್ದ. ಅವನ ಶೆಡ್ಡು ಹೆದ್ದಾರಿಯ ಆಚೆ, ಕಡಲಿನ ಬದಿಗೆ. ನಾನು ಬೇಡವೆಂದೆ. “ಐದು ಮಿನಿಟು, ತಕ್ಕಂಡು ಬತ್ತೆ” ಎಂದು ಇಳಿದೇ ಹೋದಿರಿ. ಹತ್ತು ಗಂಟೆಯ ಬಿಸಿಲು ನನ್ನ ಬೆನ್ನಿಗಿತ್ತು. ನಾನು ಈಚೆ ಗುಡ್ಡದ ಬದಿಯಲ್ಲಿ ರಿಕ್ಷಾ ನಿಲ್ಲಿಸಿಕೊಂಡಿದ್ದೆ. ನೀವು ಬೆಲ್ಟಿನ ಕಟ್ಟು ಹೆಗಲಿಗೆ ಹಾಕಿಕೊಂಡು ಆಚೆ ಅಂಚಿಗೆ ಬಂದು ನಿಂತಿರಿ. ಬಲಕ್ಕೆ ತಿರುಗಿದಿರಿ, ಲಾರಿ ಬರುತ್ತಿದ್ದ ಕಡೆಗೇ. ಆಮೇಲೆ ನೇರ ನನ್ನ ಕಡೆ ನೋಡಿದಿರಿ. ನಾನು ಕೈ ಎತ್ತಿ, ಅಂಗೈ ತೋರಿಸಿ, ನಿಲ್ಲಿ ಎಂದೆ. ನೀವು ಹೆಜ್ಜೆ ಎತ್ತಿ ರಸ್ತೆಗೆ ಇಟ್ಟಿರಿ. ಆಮೇಲಿನದನ್ನು ಬರೆಯಲು ನನ್ನಿಂದ ಆಗುವುದಿಲ್ಲ.

ಆ ಲಾರಿ ಚಾಲಕ ಓಡಿಹೋಗಲಿಲ್ಲ, ಅದು ನಿಮಗೆ ಗೊತ್ತಿಲ್ಲ. ಘಟ್ಟದ ಮೇಲಿನವನು, ಹೆಸರು ಈರಣ್ಣ. ರಸ್ತೆ ತುಂಬ ಚೆಲ್ಲಿದ್ದ ನಿಮ್ಮ ಬೆಲ್ಟುಗಳನ್ನು ಒಂದೊಂದಾಗಿ ಹೆಕ್ಕಿ, ಹಾರದಿರಲಿ ಎಂದು ಮೇಲೆ ಕಲ್ಲು ಇಡುತ್ತಿದ್ದ. ಅದು ಏನೆಂದೂ ಅವನಿಗೆ ಗೊತ್ತಿರಲಿಲ್ಲ. ಸತ್ತವರ ಸಾಮಾನು ಎಂದು ಮಾತ್ರ ಗೊತ್ತಿತ್ತು. “ಯಜಮಾನ್ರು ನನ್ ಕಡೆ ನೋಡಿದ್ರು ಸರ. ಖರೇನ ನೋಡಿದ್ರು. ನೋಡ್ಯಾರಲ್ಲಾ, ನಿಂದರ್ತಾರ ಅಂತ ತಿಳಕೊಂಡ್ನಿ...” ಅಂದ. ನಾನು ಅವನ ಕೆನ್ನೆಗೆ ಹೊಡೆದೆ, ಎಲ್ಲರ ಎದುರಿಗೆ. ಅವನು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಪೊಲೀಸರು ಕೇಳಿದರು, ಮುದುಕರಿಗೆ ಕಣ್ಣು ಸರಿ ಇತ್ತೇ ಎಂದು. ನನಗೆ ಮೈಯೆಲ್ಲ ಉರಿಯಿತು. ಬೊಮ್ಮಯ್ಯ ಮೇಸ್ತ್ರಿಯ ಕಣ್ಣೇ? “ಕೂದಲೆಳೆ ಸೀಳಿ ಎರಡು ಮಾಡ್ತಿದ್ರು ಸರ್, ಅವರ ಕಣ್ಣಿನ ವಿಷಯ ಎತ್ತಬೇಡಿ” ಎಂದೆ. ಅದನ್ನು ಬರೆದುಕೊಂಡು ಸಹಿ ಹಾಕಿಸಿದರು. ಹೆಮ್ಮೆಯಿಂದ ಹಾಕಿದೆ.

ಅವತ್ತಿನಿಂದ ನನಗೆ ಇದ್ದ ಸಿಟ್ಟು ಒಂದೇ. ನನ್ನ ಕೈ ಕಂಡೂ ನೀವು ಹೆಜ್ಜೆ ಇಟ್ಟಿರಿ. ಯಾರ ಮಾತನ್ನು ತಾನೇ ಕೇಳಿದವರು ನೀವು? ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ ಕಟ್ಟಿಕೊಂಡವರಲ್ಲ. ಬೆಳಿಗ್ಗೆ ತಿಂಡಿ ತಿಂದು ಬನ್ನಿ ಎಂದರೆ ತಿಂದು ಬಂದವರಲ್ಲ. ‘ಇಂವ ಯಾರು ನಂಗೆ ನಿಲ್ಲು ಹೇಳೂಕೆ’ ಎಂದುಕೊಂಡೇ ದಾಟಿದಿರಿ ಎಂದು ನಾನು ತಿಳಿದೆ. ಕಸದ ರಾಶಿಗೆ ಹೋಗಬೇಕಾದ ನಾಲ್ಕು ಬೆಲ್ಟಿಗೆ ಪ್ರಾಣ ಕೊಟ್ಟಿರಲ್ಲ ಎಂದು ಒಂದು ವರ್ಷ ಹಲ್ಲು ಕಡಿದುಕೊಂಡೇ ಇದ್ದೆ. ನೀವು ಕಟ್ಟಿಟ್ಟ ಕಟ್ಟುಗಳನ್ನು ಮಾತ್ರ ಮುಟ್ಟಲಿಲ್ಲ. ವರ್ಷದ ಕಾರ್ಯ ಮುಗಿಯಲಿ ಎಂದು ಕಾದೆ.

ಈ ಬೇಸಿಗೆಯಲ್ಲಿ ಭಾವಿಕೇರಿಯ ಸುಮಿತ್ರಾ ಟೀಚರು ಹೊಸ ಮನೆಗೆ ಹಲಸಿನ ಬಾಗಿಲು ಹೇಳಿದರು, ಸುತ್ತ ಹೂಬಳ್ಳಿಯ ಕೆತ್ತನೆ. ಬಳ್ಳಿಯ ಸಂದು ಉಜ್ಜಲು ನಿಮ್ಮ ಸವೆದ ಪಟ್ಟಿಗಿಂತ ಒಳ್ಳೆಯದು ಯಾವುದಿದೆ? ‘ಮರ’ ಎಂದು ನಿಮ್ಮ ಅಕ್ಷರ ಇದ್ದ ಕಟ್ಟನ್ನು ಕಣ್ಣಿಗೆ ಒತ್ತಿಕೊಂಡು ಬಿಚ್ಚಿದೆ. ಎಂಟು ದಿನ ಉಜ್ಜಿದೆ. ಪಾಲಿಶ್ ಹೊಡೆದ ಮೇಲೆ ಬಾಗಿಲು ಬಂಗಾರದಂತೆ ಬಂತು. ಇದು ಬೊಮ್ಮಯ್ಯ ಮೇಸ್ತ್ರಿಯ ಕೊನೆಯ ಕೆಲಸ ಎಂದು ಟೀಚರ ಹತ್ತಿರ ಕೊಚ್ಚಿಕೊಂಡೆ. ಮಳೆ ಹಿಡಿದು ಇಪ್ಪತ್ತು ದಿನಕ್ಕೆ ಫೋನು ಬಂತು. ಹೋಗಿ ನೋಡಿದರೆ ಬಳ್ಳಿಯ ತುಂಬಾ ಕಪ್ಪು ಚುಕ್ಕಿ, ಪಾಲಿಶಿನ ಒಳಗಿಂದಲೇ ಎದ್ದಿದೆ. “ಉಮೇಶ, ಎಂತದಿದು? ಬಾಗ್ಲಿಗೆ ಸಿಡುಬು ಎದ್ದ ಹಾಂಗೆ ಆಯ್ತಲ್ಲ! ಗೃಹಪ್ರವೇಶಕ್ಕೆ ಬಂದವ್ರೆಲ್ಲ ಇದ್ನೇ ನೋಡ್ತ್ರು” ಎಂದು ಟೀಚರು ಅಳುವುದೊಂದು ಬಾಕಿ. ನಾನು ಮರದವನನ್ನು ಬೈದೆ, ಪಾಲಿಶಿನವನನ್ನು ಬೈದೆ. ನಿಮ್ಮನ್ನು ಬೈಯುವುದು ಹೊಳೆಯಲೇ ಇಲ್ಲ.

ಶೆಡ್ಡಿಗೆ ಬಂದು ಹಳೆಯ ಸ್ಪೀಕರಿನ ಅಯಸ್ಕಾಂತ ಹುಡುಕಿ ತೆಗೆದೆ. ನಿಮ್ಮ ಆ ಕಟ್ಟಿನ ಮೇಲೆ ಎಳೆದೆ. ಮುಳ್ಳುಹಂದಿಯ ಹಾಗೆ ಕಬ್ಬಿಣದ ಹುಡಿ ನಿಮಿರಿ ನಿಂತಿತು. ಎರಡನೇ ಕಟ್ಟು, ಮೂರನೇ ಕಟ್ಟು... ಬೈತಖೋಲದಿಂದ ತಂದ ಹಸಿರು ಬಲೆದಾರದಲ್ಲಿ ನೀವು ಕಟ್ಟಿದ ಕೊನೆಯ ವರ್ಷದ ಕಟ್ಟುಗಳಲ್ಲಿ ಎಲ್ಲ ಬೆರಕೆ. ‘ಮರ’ದಲ್ಲಿ ಕಬ್ಬಿಣ, ‘ಕಬ್ಬಿಣ’ದಲ್ಲಿ ಮರ. ಅದಕ್ಕೂ ಹಿಂದೆ ತೆಂಗಿನ ಹುರಿಯಲ್ಲಿ ಕಟ್ಟಿದವುಗಳಲ್ಲಿ ಒಂದು ಕಣ ಸಿಗಲಿಲ್ಲ. ಶೆಡ್ಡಿನ ಬಾಗಿಲಿಗೆ ಬಂದು ಬೆಳಕಿನಲ್ಲಿ ಬೆಲ್ಟುಗಳನ್ನು ನೋಡಿದೆ. ಮರ ಉಜ್ಜಿದ್ದು ಕಂದು, ಕಬ್ಬಿಣ ಉಜ್ಜಿದ್ದು ಬೂದು. ಕಣ್ಣಿದ್ದ ಯಾರಿಗಾದರೂ ಕಾಣುವ ವ್ಯತ್ಯಾಸ. ನಾನು ನಿಮ್ಮ ಅಕ್ಷರ ನೋಡಿದ್ದೆ, ಬೆಲ್ಟು ನೋಡಿರಲಿಲ್ಲ. ನಿಮಗೆ ಬೆಲ್ಟು ಕಂಡಿರಲೇ ಇಲ್ಲ.

ಆಗ ಒಂದೊಂದೇ ನೆನಪಾಯಿತು, ಒಂದೊಂದಕ್ಕೂ ರಕ್ತ ಕುದಿಯಿತು. ಟೇಪು ಹಿಡಿದು, “ನೀನೇ ಓದು ತಮಾ, ನನ್ನ ಕೈಯೆಲ್ಲ ಅಂಟು” ಎನ್ನುತ್ತಿದ್ದಿರಿ. ಅಂಟು! ಕೈ ತೊಳೆದು ಬಂದ ಮೇಲೂ ಅಂಟೇ? ಹಲಗೆಯನ್ನು ನೋಡದೆ ಬೆರಳಿನಿಂದ ಸವರಿ ಗಂಟು ಹುಡುಕುತ್ತಿದ್ದಿರಿ. ಬಂದ ಗಿರಾಕಿಗಳಿಗೆಲ್ಲ ನಾನು ತೋರಿಸುತ್ತಿದ್ದೆ: ನೋಡಿ, ನಮ್ಮ ಮಾವ ಕಣ್ಣು ಮುಚ್ಚಿ ಮರ ಓದುತ್ತಾರೆ. ನೀವು ನಗುತ್ತಾ ಕೂತಿರುತ್ತಿದ್ದಿರಿ. ನಾಚಿಕೆ ಆಗಲಿಲ್ಲವೇ ನಿಮಗೆ? ಸವೆದ ಬೆಲ್ಟಿಗೆ ನೂರು ದಾರಿ ಹುಡುಕುವ ತಲೆಗೆ ಸವೆದ ಕಣ್ಣಿಗೆ ಒಂದು ದಾರಿ ಹೊಳೆಯಲಿಲ್ಲವೇ? ನನಗಾದರೂ ಒಂದು ಮಾತು...

ಮರುದಿನವೇ ಭಾವಿಕೇರಿಗೆ ಹೋಗಿ ಅತ್ತೆಯ ಮೇಲೆ ಕೂಗಾಡಿದೆ. ಅವರು ಮೀನು ಕೊಯ್ಯುತ್ತಿದ್ದರು, ನಿಮ್ಮ ಅದೇ ಮಣೆಯ ಮೇಲೆ ಕೂತು. ನಾನು ಕೂಗಿ ಮುಗಿಸಿದ ಮೇಲೆ ಕೈ ತೊಳೆದು, ಒಳಗಿನಿಂದ ಡಬ್ಬಿ ತಂದು ಒಂದು ಚೀಟಿ ತೆಗೆದರು. ಕಣ್ಣಿನ ಕ್ಯಾಂಪಿನ ಚೀಟಿ, ನೀವು ಹೋಗುವ ಹಿಂದಿನ ವರ್ಷದ್ದು. “ಎರ್ಡೂ ಕಣ್ಣಿಗೆ ಪೊರೆ ಬಂದದೆ, ಬಿಸ್ಲಿಗೆ ಎದುರಾದ್ರೆ ಎಂತದೂ ಕಾಣೂದಿಲ್ಲ, ಕೂಡ್ಲೆ ಆಪ್ರೇಶನ್ ಮಾಡ್ಸಿ ಅಂದ್ರು ಡಾಕ್ಟ್ರು. ಮಾಡ್ಸ್ದ್ರೆ ತಿಂಗ್ಳಗಟ್ಲೆ ಹುಡಿ ಹತ್ರ ಹೋಗೂಕಾಗ. ನಿಂಗೆ ಹೇಳ್ತೆ ಅಂದೆ ನಾನು. ಆಣೆ ಹಾಕಿದ್ರು.” ಎಂತಕ್ಕೆ ಅತ್ತೆ, ನಾನೇನು ಹೊರಗಿನವನಾ ಎಂದೆ. ಅತ್ತೆ ನನ್ನ ಮುಖ ನೋಡಲಿಲ್ಲ. “ಉಮೇಶಂಗೆ ಗುತ್ತಾದ್ರೆ ನನ್ನ ಅಟ್ಟಕ್ಕೆ ಹಾಕ್ತ ಅಂದ್ರು. ಅಂವ ಹೇಳ್ದ ಮಾತೇಯಂತೆ.”

ಹೌದು, ಹೇಳಿದ್ದೆ. ಚಾ ಕುಡಿಯುತ್ತಾ ಆಡಿದ ಒಂದು ಮಾತು. ಅದನ್ನು ನಿಜವೆಂದು ನಂಬಿಬಿಟ್ಟಿರಾ ಮಾವ? ನನ್ನ ತಮಾಷೆ ನಿಮಗೆ ಗೊತ್ತಿರಲಿಲ್ಲವೇ? ತಲೆಗೆ ಮೊಟಕಿ, “ನನಗೂ ಕಣ್ಣು ಹೋಗ್ತಾ ಇದೆ ಕತ್ತೆ” ಎಂದಿದ್ದರೆ ಅವತ್ತೇ ಬಾಯಿ ಮುಚ್ಚಿಕೊಂಡು ನಿಮ್ಮನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗುತ್ತಿದ್ದೆ. ತಿಂಗಳಲ್ಲ, ವರ್ಷ ಬೇಕಾದರೂ ಬೆಂಚಿನ ಆಚೆ ಕುರ್ಚಿ ಹಾಕಿ ಕೂರಿಸುತ್ತಿದ್ದೆ, ಬೈಯುತ್ತಾ ಇರಿ ಎಂದು. ನಿಮ್ಮ ಮೇಲೆ ಸಿಟ್ಟೇ ಹೆಚ್ಚೋ, ನನ್ನ ನಾಲಿಗೆಯ ಮೇಲೆ ಹೆಚ್ಚೋ ಈಗ ಹೇಳಲಾರೆ.

ಮೊನ್ನೆ ಸಮನ್ಸು ಬಂತು. ಅಜಾಗರೂಕತೆಯಿಂದ ಲಾರಿ ಓಡಿಸಿ ಕೊಂದ ಎಂದು ಈರಣ್ಣನ ಮೇಲೆ ಕೇಸು, ಕಣ್ಣಾರೆ ಕಂಡವನು ನಾನೊಬ್ಬನೇ. ನನ್ನ ಮಾತಿಗೆ ಅವನು ಜೈಲಿಗೆ ಹೋಗಬಹುದು. ಊರಿನವರು ಹೇಳುತ್ತಾರೆ, ಸತ್ತ ಮೇಸ್ತ್ರಿಯನ್ನು ಕುರುಡ ಎನ್ನಬೇಡ, ಹೆಸರು ಹಾಳಾಗುತ್ತದೆ, ಅವರು ಮಾಡಿದ ಬಾಗಿಲುಗಳನ್ನೆಲ್ಲ ಜನ ಸಂಶಯದಿಂದ ನೋಡುತ್ತಾರೆ. ಅತ್ತೆಯನ್ನು ಕೇಳಿದೆ. ಅವರು ಕ್ಯಾಂಪಿನ ಚೀಟಿಯನ್ನು ನಾಲ್ಕಾಗಿ ಮಡಚಿ ನನ್ನ ಅಂಗಿಯ ಕಿಸೆಗೆ ಹಾಕಿ, ಮತ್ತೆ ಮೀನಿನ ಹತ್ತಿರ ಹೋಗಿ ಕೂತರು.

ಹಾಗಾಗಿ ನಾಳೆ ಹೇಳುತ್ತೇನೆ ಮಾವ. ನಾನು ಕೊಟ್ಟ ಹೇಳಿಕೆ ತಪ್ಪು, ಬೊಮ್ಮಯ್ಯ ಮೇಸ್ತ್ರಿಗೆ ಕಣ್ಣು ಕಾಣುತ್ತಿರಲಿಲ್ಲ ಎಂದು. ಚೀಟಿ ಕಿಸೆಯಲ್ಲಿದೆ, ಹಸಿರು ದಾರದ ಕಟ್ಟು, ಅಯಸ್ಕಾಂತ ಎರಡೂ ಚೀಲದಲ್ಲಿವೆ. ಕೋರ್ಟಿನವರಿಗೆ ಇದು ಅರ್ಥವಾಗುತ್ತದೋ ಇಲ್ಲವೋ, ಬೇಕಾದರೆ ಹುಡಿ ಎದ್ದು ನಿಲ್ಲುವುದನ್ನು ಮೇಜಿನ ಮೇಲೇ ತೋರಿಸುತ್ತೇನೆ. ಹೊರಗೆ ಬಂದು ಈರಣ್ಣನ ಎದುರು ನಿಲ್ಲುತ್ತೇನೆ. ಅವನು ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಟೀಚರ ಬಾಗಿಲಿನ ಹೂಬಳ್ಳಿಯನ್ನು ಪೂರ್ತಿ ಕೆರೆದು ಹೊಸದಾಗಿ ಉಜ್ಜಲು ಶುರು ಮಾಡಿದ್ದೇನೆ, ನಿಮ್ಮ ಹುರಿ ಕಟ್ಟಿನ ಪಟ್ಟಿಗಳಿಂದಲೇ, ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಎಡ ಮೊಳೆ ಎಡಕ್ಕೇ ಇದೆ, ಬಲದ್ದು ಬಲಕ್ಕೆ. ಮೇಲಿನಿಂದ ಬೈಯುವುದಿದ್ದರೆ ಬೈಯಿರಿ, ಕೇಳಿಸಿಕೊಳ್ಳು‌ತ್ತೇನೆ.

ಈರಣ್ಣ ಅಂದದ್ದು ಸುಳ್ಳಲ್ಲ. ನೀವು ಅವನ ಕಡೆ ನೋಡಿದ್ದು ನಿಜ. ಅದಕ್ಕೇ ಅವನಿಗೆ ನೀವು ನಿಲ್ಲುತ್ತೀರಿ ಅನ್ನಿಸಿತು. ಆಮೇಲೆ ಬಿಸಿಲಿಗೆ ಮುಖ ಕೊಟ್ಟು ನನ್ನ ಕಡೆ ನೋಡಿದಿರಿ. ನನ್ನ ಮಾತು ಮೀರಿ ಬಂದಿರಿ ಎಂದು ಒಂದು ವರ್ಷ ನಿಮ್ಮನ್ನು ಶಪಿಸಿದೆನಲ್ಲ, ಅಲ್ಲಿ ಮೀರಲು ಏನೂ ಇರಲೇ ಇಲ್ಲ. ವಕೀಲರು ಕೇಳಿಯೇ ಕೇಳುತ್ತಾರೆ, ಮೃತರಿಗೆ ಲಾರಿ ಕಂಡಿತ್ತೇ ಎಂದು. ಲಾರಿಯ ಮಾತು ಹಾಗಿರಲಿ ಸರ್, ಎದುರಿಗೆ ನಾನು ಎತ್ತಿ ಹಿಡಿದಿದ್ದ ಈ ಕೈ ಕೂಡ ಅವರಿಗೆ ಕಾಣಲಿಲ್ಲ ಎನ್ನುತ್ತೇನೆ.

ನಿಮ್ಮ
ಉಮೇಶ